ಒನ್ ಟೌನಿನ ಮೀನು, ನಮ್ಮೂರಿನ ಗೋವಿನಜೋಳ

ವಿಜಯವಾಡದ ಒನ್ ಟೌನಿನಲ್ಲಿ ಮೀನು ಮಾರುವ ಹೆಂಗಸು "ಜನ ಕಾವಾಲಾ ಬಾಬು?" ಅಂದಾಗ ನಾನು ಹಿಂದೆ ತಿರುಗಿ ನೋಡಿದೆ. ಯಾವ ಜನ? ಆಕೆ ನಕ್ಕು, ರೋಹುವಿನ ಹೊಟ್ಟೆಯಿಂದ ತೆಗೆದ ಮೊಟ್ಟೆಯ ಗೊಂಚಲು ಎತ್ತಿ ತೋರಿಸಿದಳು. ತೆಲುಗಿನಲ್ಲಿ ಅದಕ್ಕೆ 'ಜನ' ಅಂತಲೇ ಹೆಸರು. ಹೈದರಾಬಾದಿನಲ್ಲಿ ಇಷ್ಟು ವರ್ಷ ಇದ್ದೂ ಈ ಪದ ಕಿವಿಗೆ ಬಿದ್ದಿರಲಿಲ್ಲ. ಗೆಳೆಯನ ಮನೆಗೆಂದು ಕಾಲು ಕೆಜಿ ಕಟ್ಟಿಸಿಕೊಂಡೆ.

ಹಳೆ ಬೆಜವಾಡ ಅಂದರೆ ಇದೇ. ಮೇಲೆ ಇಂದ್ರಕೀಲಾದ್ರಿಯಲ್ಲಿ ಕನಕದುರ್ಗಮ್ಮ, ಕೆಳಗೆ ಬಟ್ಟೆ ಅಂಗಡಿಗಳ ಇಕ್ಕಟ್ಟು ಸಂದಿಗಳು, ಗುಡ್ಡ ಬಳಸಿ ಹೋದರೆ 70 ಗೇಟುಗಳ ಪ್ರಕಾಶಂ ಬ್ಯಾರೇಜು. ಜುಲೈ ತಿಂಗಳು, ನೀರು ಕೆಂಪಗಿತ್ತು. ಹಾವೇರಿ ಕಡೆಯವನಾದ ನನಗೆ ಅದು ಪರವೂರಿನ ನೀರು ಅನ್ನಿಸಲಿಲ್ಲ. ನಮ್ಮೂರ ಹಳ್ಳ ವರದೆಗೆ ಸೇರುತ್ತದೆ, ವರದೆ ಗಳಗನಾಥದಲ್ಲಿ ತುಂಗಭದ್ರೆಗೆ, ತುಂಗಭದ್ರೆ ಶ್ರೀಶೈಲಕ್ಕಿಂತ ಮೇಲೆಯೇ ಕೃಷ್ಣೆಗೆ.

ಹಳ್ಳ ನೆನಪಾದದ್ದೇ ಕಾಕಾನ ಹೊಲವೂ ನೆನಪಾಯಿತು. ಗೋವಿನಜೋಳ ಬಿತ್ತಿದ ಎರಡು ಮೂರು ದಿನದೊಳಗೆ, ನೆಲ ಹಸಿ ಇರುವಾಗಲೇ, ಕಸದ ಎಣ್ಣಿ ಹೊಡೆಯಬೇಕು. ಅದು ಎಣ್ಣೆಯಲ್ಲ, ನೀರಿಗೆ ಕಲಸುವ ಬಿಳಿ ಪುಡಿ: ಅಟ್ರಾಜಿನ್. ಎಕರೆಗೆ ಸುಮಾರು ಅರ್ಧ ಕೆಜಿ ಪುಡಿ, ಅದರಲ್ಲಿ ಅರ್ಧ ಅಸಲು ಔಷಧ. ಮರುದಿನ ಜೋರು ಮಳೆ ಬಂದರೆ ಒಂದಿಷ್ಟು ಹಳ್ಳಕ್ಕೆ. ಕಷ್ಟವೆಂದರೆ, ಆ ಮುಂಗಾರಿನ ಹೊಸ ನೀರೇ ರೋಹು, ಕಾಟ್ಲಾಗಳಿಗೆ ಮೊಟ್ಟೆ ಇಡುವ ಕರೆ.

ಸತ್ತ ಮೀನು ತೇಲಿದರೆ ಊರೆಲ್ಲ ಸೇರುತ್ತದೆ. ಅಟ್ರಾಜಿನ್ ಹೊಲದಿಂದ ಹರಿದು ಬರುವ ಪ್ರಮಾಣದಲ್ಲಿ ಸಾಮಾನ್ಯವಾಗಿ ಮೀನು ಸಾಯುವುದಿಲ್ಲ. 2010ರಲ್ಲಿ ಅಮೆರಿಕದ ಭೂವಿಜ್ಞಾನ ಸರ್ವೇಕ್ಷಣೆಯವರು ಫ್ಯಾಟ್‌ಹೆಡ್ ಮಿನ್ನೋ ಎಂಬ ಪುಟ್ಟ ಮೀನುಗಳನ್ನು ಒಂದು ತಿಂಗಳವರೆಗೆ ಅಟ್ರಾಜಿನ್ ನೀರಿನಲ್ಲಿಟ್ಟು ನೋಡಿದರು. ಅತಿ ಕಡಿಮೆ ಪ್ರಮಾಣ ಲೀಟರಿಗೆ ಅರ್ಧ ಮೈಕ್ರೋಗ್ರಾಂ, ಅಂದರೆ ಹತ್ತು ಲಕ್ಷ ಲೀಟರಿಗೆ ಅರ್ಧ ಗ್ರಾಂ. ಅಷ್ಟಕ್ಕೂ ಮೊಟ್ಟೆ ಕಡಿಮೆಯಾಯಿತು. ಔಷಧ ತಾಗಿದ ಗುಂಪುಗಳಲ್ಲಿ ಇಳಿಕೆ ಶೇ. 19ರಿಂದ 39. ಮೀನು ಈಜುತ್ತಿತ್ತು, ಮೇಯುತ್ತಿತ್ತು, ನೋಡಲು ಗಟ್ಟಿಮುಟ್ಟು.

1998ರಲ್ಲಿ ಬ್ರಿಟನ್ನಿನಲ್ಲಿ ಸಾಲ್ಮನ್ ಗಂಡುಗಳ ಮೇಲೆ ನಡೆದ ಪ್ರಯೋಗ ಇನ್ನೂ ವಿಚಿತ್ರ. ಹೆಣ್ಣು ನೀರಿಗೆ ಬಿಡುವ ಹಾರ್ಮೋನಿನ ವಾಸನೆ ಹಿಡಿದೇ ಗಂಡು ಸಿದ್ಧವಾಗಬೇಕು. ಅಟ್ರಾಜಿನ್ ತಾಗಿದ ಗಂಡಿನ ಮೂಗಿಗೆ ಆ ವಾಸನೆ ಸರಿಯಾಗಿ ಹತ್ತಲಿಲ್ಲ.

ಹಾಗಾದರೆ ಸಂತೆಯಲ್ಲಿ ಮೀನು ಕಡಿಮೆಯಾಗಬೇಕಲ್ಲ? ಆಗುವುದಿಲ್ಲ. ಈ ಕಡೆಯ ರೋಹು, ಕಾಟ್ಲಾ ಹೆಚ್ಚಾಗಿ ಕೊಲ್ಲೇರು ಸುತ್ತಲಿನ ಹೊಂಡಗಳದ್ದು, ಮರಿ ಹ್ಯಾಚರಿಯದ್ದು. ಸಾಕಿದ ಗೆಂಡೆಮೀನಿಗೆ ಹಾರ್ಮೋನು ಚುಚ್ಚಿ ಮೊಟ್ಟೆ ಇಡಿಸುವ ವಿದ್ಯೆ ನಮ್ಮ ದೇಶದಲ್ಲಿ ಕೈಗೂಡಿದ್ದು 1957ರಲ್ಲಿ, ಒಡಿಶಾದಲ್ಲಿ. ಈ ಬ್ಯಾರೇಜು ಎದ್ದದ್ದೂ ಅದೇ ವರ್ಷ. ತಾನಾಗಿ ಮೊಟ್ಟೆ ಇಡಬೇಕಾದ ಹಳ್ಳದ ಸಣ್ಣ ಮೀನಿಗೆ ಯಾರೂ ಸೂಜಿ ಹಿಡಿದು ಬರುವುದಿಲ್ಲ. ಅದು ತಕ್ಕಡಿಗೂ ಬರುವುದಿಲ್ಲ.

ಯೂರೋಪಿನ ಒಕ್ಕೂಟ 2004ರಲ್ಲೇ ಅಟ್ರಾಜಿನ್ ಬೇಡವೆಂದಿತು. ನಮ್ಮ ಕೇಂದ್ರ ಸರ್ಕಾರ 2020ರಲ್ಲಿ ನಿಷೇಧಕ್ಕೆಂದು ಹೊರಡಿಸಿದ 27 ಔಷಧಗಳ ಕರಡಿನಲ್ಲಿ ಇದೂ ಇತ್ತು, ಭತ್ತದ ಗದ್ದೆಯ ಬ್ಯೂಟಾಕ್ಲೋರ್ ಕೂಡ. ಇವೆರಡರ ಮಟ್ಟಿಗೆ ಕರಡು ಕರಡಾಗಿಯೇ ಸವೆಯಿತು. ಈ ಕೃಷ್ಣಾ ಡೆಲ್ಟಾದಲ್ಲಿ ಭತ್ತ ಕೊಯ್ದ ಗದ್ದೆಗೆ ಉಳದೇ ಮೆಕ್ಕೆಜೋಳ ಹಾಕುತ್ತಾರೆ. ಅಲ್ಲಿಯೂ ಕಳೆಗೆ ಇದೇ ಪುಡಿ.

ಬ್ಯಾರೇಜಿನ ಮೇಲಿಂದಲೇ ಕಾಕಾನಿಗೆ ಫೋನು ಮಾಡಿ ಮಿನ್ನೋ ಕತೆ ಹೇಳಿದೆ. ಪೂರ್ತಿ ಕೇಳಿದ. "ಖರೇ ಇರಬಹುದು ತಮ್ಮಾ. ಆದ್ರ ಕಸ ತಗ್ಯಾಕ ಆಳು ಎಲ್ಲಿ ಅದಾರ? ನೀನಂತೂ ಬರೂದಿಲ್ಲ."

ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಹಳ್ಳದಾಗ ಈಗ ಮೀನು ಅದಾವೇನು ಅಂತ ಕೇಳಿದೆ. "ನೋಡಿಲ್ಲ," ಅಂದ. "ಈಗ ಗಾಳ ಹಾಕವ್ರು ಯಾರು?"