ಗಣಕಯಂತ್ರದ ಮೇಜು

ಗೃಹಸ್ಥನ ಅಚ್ಚುಕಟ್ಟನ್ನು ಅರಿಯಬೇಕಾದರೆ ಹಿಂದೆ ಅವನ ಬರೆವಣಿಗೆಯ ಮೇಜನ್ನು ನೋಡುವುದಿತ್ತು. ಈಗ ಅವನ ಗಣಕಯಂತ್ರದ ಪರದೆಯನ್ನು ನೋಡಬೇಕಾಗಿದೆ. ಆ ಪರದೆಗೂ ಮೇಜೆಂದೇ ಹೆಸರು, ಡೆಸ್ಕ್‌ಟಾಪ್. ಕಾಗದ, ಕಡತ, ಅಂಚೆಯ ಬುಟ್ಟಿ ಮೊದಲಾದವುಗಳ ಸಣ್ಣ ಚಿತ್ರಗಳನ್ನು ಪರದೆಯ ಮೇಲೆ ಹರಡಿ ಕಛೇರಿಯ ಮೇಜನ್ನೇ ಅನುಕರಿಸಿದ ಯಂತ್ರವೊಂದನ್ನು ಜೆರಾಕ್ಸ್ ಸಂಸ್ಥೆಯವರು 1981ರಲ್ಲಿ ಸ್ಟಾರ್ ಎಂಬ ಹೆಸರಿನಿಂದ ಮಾರಾಟಕ್ಕೆ ತಂದರು. ನಮ್ಮ ಮನೆಗಳಲ್ಲಿ ಬಳಕೆಯಾಗಿರುವ ಸ್ಟಾರ್ಟ್ ಗುಂಡಿ, ಅದನ್ನು ಒತ್ತಿದರೆ ಬಿಚ್ಚಿಕೊಳ್ಳುವ ಮೆನು, ಶಾರ್ಟ್‌ಕಟ್ ಎಂಬ ಬಾಣದ ಗುರುತಿನ ಚಿತ್ರ, ಇವು 1995ರಲ್ಲಿ ಮೈಕ್ರೋಸಾಫ್ಟ್‌ನವರ ವಿಂಡೋಸ್ 95ರ ಜೊತೆಯಲ್ಲಿ ಬಂದವು. ಶಾರ್ಟ್‌ಕಟ್ಟನ್ನು ಅಡ್ಡದಾರಿ ಎಂದು ಕನ್ನಡಿಸಿದರೆ ಅನರ್ಥವಾದೀತು. ಕಾಲುದಾರಿ ಎಂದರೆ ಅಷ್ಟಿಷ್ಟು ಒಪ್ಪುತ್ತದೆ.

ಈ ಕಾಲುದಾರಿಯ ಸ್ವರೂಪವನ್ನು ವಾಚಕರು ಚೆನ್ನಾಗಿ ಮನಗಾಣತಕ್ಕದ್ದು. ಅದು ಪದಾರ್ಥವಲ್ಲ, ಪದಾರ್ಥವಿರುವ ಸ್ಥಳವನ್ನು ತೋರಿಸುವ ಬೆರಳು. ನಮ್ಮ ಶಾಸ್ತ್ರಗಳಲ್ಲಿ ಶಾಖಾಚಂದ್ರನ್ಯಾಯವೆಂಬುದೊಂದುಂಟು. ಬಿದಿಗೆಯ ಚಂದ್ರನನ್ನು ಕಾಣಲಾರದ ಮಗುವಿಗೆ 'ಅಗೋ, ಆ ಕೊಂಬೆಯ ತುದಿಯಲ್ಲಿ ನೋಡು' ಎಂದು ತೋರಿಸುತ್ತೇವೆ. ಚಂದ್ರನು ಕೊಂಬೆಯಲ್ಲಿ ಕುಳಿತಿರುವನೇನು? ಕೊಂಬೆಯನ್ನು ಕಡಿದರೂ ಅವನಿಗೆ ಬಾಧೆಯಿಲ್ಲ. ಹಾಗೆಯೇ ಶಾರ್ಟ್‌ಕಟ್ಟನ್ನು ಅಳಿಸಿದರೆ ಮೂಲದ ಕಡತವು ಇದ್ದಲ್ಲಿಯೇ ಇರುತ್ತದೆ. ಮೂಲವೇ ಹೋದಮೇಲೆ ಮಾತ್ರ ಶಾರ್ಟ್‌ಕಟ್ಟನ್ನು ಎಷ್ಟು ಒತ್ತಿದರೂ ಫಲವಿಲ್ಲ. ವಿಂಡೋಸಿನಲ್ಲಿ ಚಿತ್ರದ ಎಡಗಡೆಯ ಕೆಳಮೂಲೆಯಲ್ಲಿ ಬಾಗಿದ ಸಣ್ಣ ಬಾಣವಿದ್ದರೆ ಅದು ಕೊಂಬೆಯೆಂದು ತಿಳಿಯಬೇಕು. ಮೌಸಿನ ಬಲಗುಂಡಿಯನ್ನೊತ್ತಿ ಪ್ರಾಪರ್ಟೀಸ್ ಎಂಬುದನ್ನು ತೆರೆದರೆ ಟಾರ್ಗೆಟ್ ಎಂಬ ಸಾಲಿನಲ್ಲಿ ಚಂದ್ರನ ವಿಳಾಸವೂ ದೊರೆಯುತ್ತದೆ.

ಇಷ್ಟು ಸಣ್ಣ ಬಾಣಕ್ಕೆ ಇಷ್ಟು ವಿಸ್ತಾರವೇಕೆಂದರೆ, ನನ್ನ ಮಿತ್ರರೊಬ್ಬರ ಮನೆಯಲ್ಲಿ ನಡೆದದ್ದನ್ನು ಹೇಳಬೇಕು. ಅವರು ನನ್ನಂತೆಯೇ ಉಪಾಧ್ಯಾಯರಾಗಿದ್ದವರು. ನಿವೃತ್ತರಾದ ಮೇಲೆ ಊರೂರು ತಿರುಗಿ, ವೃದ್ಧರನ್ನು ಕೇಳಿ, ತಮ್ಮ ಮನೆತನದ ವಂಶಾವಳಿಯನ್ನು ಬರೆದಿಟ್ಟಿದ್ದರು. ವಿಮೆಯ ಪತ್ರ, ಜಮೀನಿನ ಕಾಗದ, ವಂಶಾವಳಿ ಎಲ್ಲವೂ ಯಂತ್ರದ ಒಳಗಣ ಡಿಸ್ಕಿನಲ್ಲಿ; ಪರದೆಯ ಮೇಲೆ ಅವುಗಳ ಬಾಣಗಳು. ಅವರು ತೀರಿಕೊಂಡ ಬಳಿಕ ಬಂಧುವಾದ ಹುಡುಗನೊಬ್ಬನು ಪರದೆಯ ಮೇಲಿದ್ದುದನ್ನೆಲ್ಲ ಪೆನ್‌ಡ್ರೈವಿಗೆ ಇಳಿಸಿಕೊಂಡು, ಯಂತ್ರವನ್ನು ಪೂರ್ತಿ ಅಳಿಸಿ, ಓದುವ ಮಕ್ಕಳಿಗೆಂದು ಯಾರಿಗೋ ಕೊಟ್ಟುಬಿಟ್ಟನು. ಸದುದ್ದೇಶವೇ, ಸಂದೇಹವಿಲ್ಲ. ತಿಂಗಳ ಮೇಲೆ ತೆರೆದು ನೋಡಿದರೆ ನಲವತ್ತು ಕೊಂಬೆಗಳು, ಚಂದ್ರನೊಬ್ಬನೂ ಇಲ್ಲ. ವಿಮೆಯ ಪತ್ರದ ನಕಲನ್ನು ಆ ತಾಯಿ ಅಲೆದಾಡಿ ಪಡೆದರು. ವಂಶಾವಳಿಯ ನಕಲನ್ನು ಯಾವ ಕಛೇರಿಯವರು ಕೊಟ್ಟಾರು? ಹೇಳಿದ ವೃದ್ಧರಲ್ಲಿ ಹೆಚ್ಚಿನವರು ಆಗಲೇ ಗತಿಸಿದ್ದರು.

ಇನ್ನು ಮೆನುವಿನ ಮಾತು. ಇದು ಅಮರಕೋಶದ ಪದ್ಧತಿ. ಅಮರಸಿಂಹನು ಶಬ್ದಗಳನ್ನು ಅಕಾರಾದಿಯಾಗಿ ಜೋಡಿಸದೆ ಮೂರು ಕಾಂಡ, ಅವುಗಳೊಳಗೆ ವರ್ಗ ಎಂದು ವಿಂಗಡಿಸಿದನು. ಮೊಸಳೆಯನ್ನು ವಾರಿವರ್ಗದಲ್ಲಿಯೂ ಹುಲಿಯನ್ನು ಸಿಂಹಾದಿವರ್ಗದಲ್ಲಿಯೂ ಹುಡುಕಬೇಕು. ದೊಡ್ಡದರಿಂದ ಸಣ್ಣದಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವುದು. ಆ ಮೆಟ್ಟಿಲುಗಳನ್ನು ಪದೇ ಪದೇ ಬದಲಾಯಿಸಬಾರದು. 2012ರಲ್ಲಿ ವಿಂಡೋಸ್ 8ರಲ್ಲಿ ಸ್ಟಾರ್ಟ್ ಗುಂಡಿಯನ್ನು ತೆಗೆದುಹಾಕಿದಾಗ ಜನ ಗೊಣಗಿದರು. ಮರುವರ್ಷ ಗುಂಡಿಯೂ, 2015ರಲ್ಲಿ ವಿಂಡೋಸ್ 10ರೊಡನೆ ಮೆನುವೂ ಮರಳಿ ಬಂದವು. ತುಳಿದು ಬಲ್ಲ ದಾರಿಗೆ ಬೇಲಿ ಹಾಕಿದರೆ ಎತ್ತು ಕೂಡ ಮುನಿಯುತ್ತದೆಯಷ್ಟೆ.

ಮಿತ್ರರ ಮನೆಯ ಸಂಗತಿಯನ್ನು ಕೇಳಿದ ವಾರವೇ ನಾನು ನನ್ನ ಮೇಜನ್ನು ಒಪ್ಪಮಾಡಲು ಕುಳಿತೆನು. ಮೂಲಗಳೆಲ್ಲ 'ಮನೆ' ಎಂಬ ಒಂದೇ ಫೋಲ್ಡರಿನಲ್ಲಿ. ಅದರೊಳಗೆ ಜಮೀನು, ಬ್ಯಾಂಕು, ವಿಮೆ, ವೈದ್ಯರು, ಪಟಗಳು. ಪರದೆಯ ಮೇಲೆ ಏಳೇ ಬಾಣಗಳು. ನನ್ನ ಅನಂತರ ಹುಡುಕಬೇಕಾದವಳು ನನ್ನ ಪತ್ನಿಯಾದ್ದರಿಂದ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡೆನು. ಒಂದಕ್ಕೆ 'ವಿದ್ಯುಚ್ಛಕ್ತಿ' ಎಂದು ಹೆಸರಿಡಹೊರಟಾಗ ಅವಳು, "ಏನೂಂದ್ರೆ, ಆ ಹೆಸರಿನಲ್ಲಿ ನಾನು ಯಾವತ್ತಾದರೂ ಬಿಲ್ಲು ಹುಡುಕೀನೆ? ಕರೆಂಟು ಅಂತ ಬರೆಯಿರಿ" ಎಂದಳು. ಹಾಗೆಯೇ ಬರೆದೆವು. ಹೆಸರು ಇಡುವವನದಲ್ಲ, ಹುಡುಕುವವರದು. ಇದು ಬಹಳ ನ್ಯಾಯವಾದ ಮಾತೆಂದು ನನಗೆ ತೋರುತ್ತದೆ.

ಎಲ್ಲ ಮುಗಿಯಿತೆಂದು ನಾನು ಏಳುತ್ತಿರುವಾಗ, ತನ್ನ ತಾಯಿ ಹಾಡಿದ್ದ ಆರತಿಯ ಹಾಡುಗಳ ಧ್ವನಿಮುದ್ರಣ ಎಲ್ಲಿದೆಯೆಂದು ಅವಳು ಕೇಳಿದಳು. ಪರದೆಯ ಮೇಲೆ ಅದರ ಚಿತ್ರವಿತ್ತು. ಮೂಲೆಯಲ್ಲಿ ಬಾಣವೂ ಇತ್ತು. ಮೂಲವನ್ನು ಹುಡುಕಿ ತೆಗೆದು, ಬೇರೆ ಎರಡು ಡಿಸ್ಕುಗಳಿಗೆ ಪ್ರತಿ ಮಾಡಿಸಿಕೊಂಡಳು. ಒಂದನ್ನು ನನ್ನ ಮೇಜಿನ ಖಾನೆಯಲ್ಲಿ ಬಿಟ್ಟು, ಇನ್ನೊಂದನ್ನು ತನ್ನ ಬೀರುವಿನಲ್ಲಿ ಸೀರೆಗಳ ನಡುವೆ ಇಟ್ಟುಕೊಂಡಿದ್ದಾಳೆ.