ಓಗೊಡುವ ಗುಂಡಿ

ಗುಂಡಿ ಎಂದರೆ ನಮ್ಮ ಕಾಲದಲ್ಲಿ ಎರಡೇ ಅರ್ಥ: ಅಂಗಿಗೆ ಹೊಲಿಯುವುದು ಒಂದು, ರಸ್ತೆಯಲ್ಲಿ ನಾವು ಬೀಳುವುದು ಇನ್ನೊಂದು. ಈಗ ಮೂರನೆಯದೂ ಬಂದಿದೆ. ಗ್ಯಾಸ್ ಬುಕ್ ಮಾಡಲು, ಕರೆಂಟ್ ಬಿಲ್ ಕಟ್ಟಲು, ಮಕ್ಕಳ ಫಲಿತಾಂಶ ನೋಡಲು ನಾವೆಲ್ಲ ಪರದೆಯ ಮೇಲಿನ ಗುಂಡಿ ಒತ್ತುವವರೇ. ಒತ್ತಿದ ಮೇಲೆ ಒಳಗೆ ಏನಾಗುತ್ತದೆಂದು ಯೋಚಿಸುವವರು ಎಷ್ಟು ಮಂದಿ? ಸಮಾಜ ಪಾಠದ ಜೊತೆಗೆ ಕಂಪ್ಯೂಟರ್ ಪಾಠವೂ ನನ್ನ ತಲೆಗೆ ಬಿದ್ದ ಮೇಲೆ, ವೆಬ್ ಪುಟ ಬರೆಯುವುದೇ ಉದ್ಯೋಗವಾಗಿರುವ ಮಗಳನ್ನು ಊಟದ ಹೊತ್ತಿನಲ್ಲಿ ಹಿಡಿದು ಕೂರಿಸಿ ನಾನೂ ಕಲಿಯತೊಡಗಿದೆ.

ಪುಟಕ್ಕೆ ಚಲನೆ ಕೊಡುವ ಭಾಷೆ ಜಾವಾಸ್ಕ್ರಿಪ್ಟ್. 1995ರಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿದ್ದ ಬ್ರೆಂಡನ್ ಐಕ್ ಅದರ ಮೊದಲ ರೂಪವನ್ನು ಹತ್ತೇ ದಿನದಲ್ಲಿ ಸಿದ್ಧಪಡಿಸಿದರು. ಮಾವಿನ ಮಿಡಿಗೆ ಉಪ್ಪು ಹಿಡಿಯುವಷ್ಟರಲ್ಲಿ ಒಂದು ಭಾಷೆ! ಅದರಲ್ಲಿ ಗುಂಡಿ ಒತ್ತುವುದಕ್ಕೆ ‘ಕ್ಲಿಕ್ ಇವೆಂಟ್’ ಎಂದು ಹೆಸರು. “ಹಾಲು ಉಕ್ಕಿ ಬಂದರೆ ಒಲೆ ಆರಿಸು” ಎಂದು ಮಗಳಿಗೆ ಹೇಳಿ ನಾವು ಸ್ನಾನಕ್ಕೆ ಹೋಗುತ್ತೇವಲ್ಲ, ‘ಆಡ್‌ಇವೆಂಟ್‌ಲಿಸನರ್’ ಎಂಬ ಆಜ್ಞೆಯೂ ಅಂಥದೇ. ಕ್ಲಿಕ್ ಆದಾಗ ಮಾಡಬೇಕಾದ ಕೆಲಸದ ಹೆಸರನ್ನು ಅದಕ್ಕೆ ಒಪ್ಪಿಸಿಡಬೇಕು. ಹೊಸಬರು ಆ ಹೆಸರಿನ ಮುಂದೆ ಒಂದು ಜೊತೆ ಆವರಣ ಚಿಹ್ನೆ ಹಾಕಿಬಿಡುತ್ತಾರೆ. ಆವರಣವೆಂದರೆ ‘ಈಗಲೇ ಮಾಡು’ ಎಂದರ್ಥ. ಹಾಲು ಬೆಚ್ಚಗಾಗುವ ಮೊದಲೇ ಒಲೆ ಆರುತ್ತದೆ. ಆಮೇಲೆ ಗುಂಡಿಯನ್ನು ಎಷ್ಟು ಒತ್ತಿದರೂ ಅಲುಗುವವರಿಲ್ಲ.

ಇನ್ನೊಂದು ಸಂಗತಿ ನಮ್ಮ ಕೂಡುಕುಟುಂಬದಂತಿದೆ. ಗುಂಡಿ ಒಂದು ಚೌಕದೊಳಗೆ, ಚೌಕ ಪುಟದೊಳಗೆ ಇರುತ್ತದೆ. ಮಗು ಅತ್ತರೆ ಮೊದಲು ತಾಯಿಗೆ, ಆಮೇಲೆ ಅಜ್ಜಿಗೆ, ಕೊನೆಗೆ ಜಗಲಿಯಲ್ಲಿ ಕೂತ ಅಜ್ಜನಿಗೆ ಕೇಳಿಸುವಂತೆ, ಕ್ಲಿಕ್ಕಿನ ಸುದ್ದಿಯೂ ಒಳಗಿನಿಂದ ಹೊರಗೆ ಏರುತ್ತದೆ. ಇದನ್ನು ‘ಬಬ್ಲಿಂಗ್’ ಎನ್ನುತ್ತಾರೆ. ಮೊದಮೊದಲು ನೆಟ್‌ಸ್ಕೇಪ್‌ನವರು ಸುದ್ದಿ ಹಿರಿಯರಿಂದ ಕೆಳಗಿಳಿಯಬೇಕೆಂದರು, ಮೈಕ್ರೋಸಾಫ್ಟ್‌ನವರು ಕಿರಿಯರಿಂದ ಮೇಲೇರಬೇಕೆಂದರು. 2000ದಲ್ಲಿ ವೆಬ್‌ನ ನಿಯಮ ರೂಪಿಸುವ ಸಂಸ್ಥೆ ಇಬ್ಬರನ್ನೂ ಒಪ್ಪಿಸಿ, ಮೊದಲು ಇಳಿಯಲಿ, ಆಮೇಲೆ ಏರಲಿ ಎಂದು ತೀರ್ಮಾನ ಮಾಡಿತು. ಅತ್ತೆ ಸೊಸೆಯರ ಜಗಳಕ್ಕೂ ಇಂಥ ಪಂಚಾಯಿತಿ ಬೇಕಿತ್ತು!

ಇದರಿಂದ ಲಾಭವಿದೆ. ಹಾಜರಿ ಪುಟದಲ್ಲಿ 45 ಹೆಸರುಗಳಿದ್ದರೆ 45 ಕಿವಿಗಳು ಬೇಡ; ಇಡೀ ಪಟ್ಟಿಗೆ ಒಂದೇ ಕಿವಿ ಇಟ್ಟು, ಕೂಗಿದವರು ಯಾರೆಂದು ‘ಇವೆಂಟ್ ಟಾರ್ಗೆಟ್’ನಿಂದ ತಿಳಿದರೆ ಸಾಕು. ಫಜೀತಿಯೂ ಇದೆ. ಚೀಟಿಯೊಳಗಿನ ‘ಅಳಿಸು’ ಒತ್ತಿದರೆ, ಹೊರಗಿನ ಚೀಟಿಯೂ ತನ್ನನ್ನೇ ಕರೆದರೆಂದು ತೆರೆದುಕೊಳ್ಳಬಹುದು. ‘ಸ್ಟಾಪ್‌ಪ್ರೊಪಗೇಷನ್’ ಎಂದು ಬರೆದು ಸುದ್ದಿಯನ್ನು ಅಲ್ಲೇ ತಡೆಯಬಹುದು, ನಿಜ. ಆದರೆ ಎಲ್ಲ ಕಡೆ ಹೀಗೆ ಬಾಯಿ ಮುಚ್ಚಿಸಿದರೆ, ಹೊರಗೆಲ್ಲೋ ಒತ್ತಿದಾಗ ಮುಚ್ಚಿಕೊಳ್ಳಬೇಕಾದ ಪಟ್ಟಿಗೆ ಸುದ್ದಿಯೇ ತಲುಪದೆ ಅದು ತೆರೆದೇ ಉಳಿಯುತ್ತದೆ.

ಇದೆಲ್ಲ ಬರೆಯುವವರ ತಲೆನೋವು, ನಮಗೇನು ಎನ್ನಬೇಡಿ. ಪಕ್ಕದ ಮನೆಯಾಕೆ ಮಗನ ಕಾಲೇಜು ಫೀಸು ಕಟ್ಟುವಾಗ ಗುಂಡಿ ಒತ್ತಿದರು. ಪರದೆ ಸುಮ್ಮನಿತ್ತು. ಮತ್ತೆ ಒತ್ತಿದರು. ಹಣ ಎರಡು ಸಲ ಹೋಯಿತು. ವಾಪಸು ಬರುವವರೆಗೆ ಆಕೆ ಮನೆಯಲ್ಲಿ ಕೇಳಿಸಿಕೊಂಡ ಮಾತುಗಳನ್ನು ಗೋಡೆಯ ಈಚೆ ನಾನೂ ಕೇಳಿದ್ದೇನೆ. ಮೊದಲ ಕ್ಲಿಕ್ಕಿಗೇ ಗುಂಡಿಯನ್ನು ತಡೆದು, ‘ಸ್ವಲ್ಪ ತಾಳಿ’ ಎಂದು ತೋರಿಸಿ, ಕೆಲಸ ಕೆಟ್ಟರೆ ಮಾತ್ರ ಮತ್ತೆ ಬಿಡಬೇಕು. ಒಂದೇ ಪಾವತಿ ಎರಡನೇ ಸಲ ಬಂದರೆ ಆಚೆ ತುದಿಯ ಕಂಪ್ಯೂಟರೂ ಗುರುತಿಸಿ ಬಿಡಬೇಕು. ಎರಡು ಸಲ ಒತ್ತಿದ್ದು ಆಕೆಯ ದಡ್ಡತನವಲ್ಲ. ಕರೆದಾಗ ಓಗೊಡದವರನ್ನು ಯಾರಾದರೂ ಎರಡನೇ ಸಲ ಕರೆಯುತ್ತಾರೆ.

ನನ್ನ ಮನಸ್ಸಿಗೆ ನಾಟಿದ್ದು ಮತ್ತೊಂದು. ನಮ್ಮ ಶಾಲೆಯ ನಿವೃತ್ತ ಮುಖ್ಯೋಪಾಧ್ಯಾಯಿನಿಯವರಿಗೆ ಕೈನಡುಕ. ಮೌಸ್ ಒಂದು ಕಡೆ ನಿಲ್ಲದು. ಟ್ಯಾಬ್ ಕೀಲಿಯಿಂದ ಮುಂದೆ ಸರಿದು ಎಂಟರ್ ಒತ್ತಿ ತಮ್ಮ ಕೆಲಸವೆಲ್ಲ ತಾವೇ ಮಾಡಿಕೊಳ್ಳುತ್ತಾರೆ. ಒಮ್ಮೆ ಒಂದು ಅರ್ಜಿಯನ್ನು ಗಂಟೆಗಟ್ಟಲೆ ಕೂತು ತುಂಬಿದರು. ಕೊನೆಯ ‘ಸಲ್ಲಿಸು’ ಗುಂಡಿಯನ್ನು ಟ್ಯಾಬ್ ದಾಟಿ ಹೋಯಿತು. ಏಕೆಂದರೆ ಅದು ಗುಂಡಿಯೇ ಅಲ್ಲ, ಬಣ್ಣ ಬಳಿದ ‘ಡಿವ್’ ಎಂಬ ಬರಿಯ ಚೌಕ. ನಿಜವಾದ ‘ಬಟನ್’ ಆಗಿದ್ದರೆ ಟ್ಯಾಬ್ ಅಲ್ಲಿ ನಿಲ್ಲುತ್ತಿತ್ತು, ಎಂಟರ್ ಒತ್ತಿದರೂ ಅದೇ ಕ್ಲಿಕ್ ಆಗುತ್ತಿತ್ತು. ಎದುರುಮನೆಯ ಹುಡುಗನನ್ನು ಕರೆದು ಒತ್ತಿಸಿದರಂತೆ. “ಎಲ್ಲ ನಾನೇ ತುಂಬಿದ್ದೆ ಕಣಮ್ಮಾ, ಕೊನೇದೊಂದು ಉಳೀತು” ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಈಗ ನನ್ನ ತರಗತಿಯಲ್ಲಿ ಒಂದು ಕಟ್ಟಳೆಯಿದೆ. ಪುಟ ಮಾಡಿದವರು ಮೌಸ್ ಪಕ್ಕಕ್ಕಿಟ್ಟು, ಬರೀ ಕೀಲಿಗಳಿಂದ ಅದನ್ನು ನಡೆಸಿ ತೋರಿಸಬೇಕು. “ಹೀಗೆ ಯಾರು ಒತ್ತುತ್ತಾರೆ ಮಿಸ್?” ಎಂದಳು ಒಬ್ಬ ಹುಡುಗಿ. ಹಳೆಯ ಹೆಡ್‌ಮಿಸ್ ವಿಷಯ ಹೇಳಿದೆ. ಅವಳು ಏನೂ ಮಾತಾಡದೆ ಕೂತು, ತನ್ನ ಪುಟದ ಡಿವ್‌ಗಳನ್ನೆಲ್ಲ ಅಳಿಸಿ ಬಟನ್ ಎಂದು ಬರೆಯತೊಡಗಿದಳು.