ಟೈಫನ್ ಮತ್ತು ಮೂಕಾಸುರ

ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನನಗೆ ಗ್ರೀಕ್ ದೇವರುಗಳ ಹೆಸರೆಲ್ಲ ಬಾಯಿಪಾಠ. ಬೈಂದೂರಿನ ಅಮ್ಮಮ್ಮನಿಗೆ ಕನ್ನಡ ಬಿಟ್ಟು ಬೇರೆ ಬರಲ್ಲ. ಮೇ ರಜೆಯಲ್ಲಿ ಮಲ್ಪೆಯ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿ ಬಂದು ಅವರಿಗೆ ಫೋಟೋ ತೋರಿಸಿದೆ. ಅಲ್ಲಿನ ಕಂಬದಂಥ ಕಲ್ಲುಗಳು ಸುಮಾರು 8.8 ಕೋಟಿ ವರ್ಷ ಹಿಂದಿನ ಲಾವಾ. ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದ್ದು. ತಣಿಯುತ್ತಾ ಕುಗ್ಗಿ, ಬಿರುಕು ಬಿಟ್ಟು ಕಂಬಗಳಾಗಿವೆ.

"ಲಾವಾ ಅಂದ್ರೆ ಎಂತ ಮಗಾ?"

ಕನ್ನಡ ಶಬ್ದ ಬಾಯಿಗೆ ಬರಲಿಲ್ಲ. (ಶಿಲಾರಸ. ಆಮೇಲೆ ಗೂಗಲ್ ಮಾಡಿದೆ.) ಹಾಗಾಗಿ ಕಥೆ ಹೇಳಿದೆ. ಝೀಯಸ್ ಟೈಫನ್ ಎಂಬ ರಾಕ್ಷಸನನ್ನು ಸೋಲಿಸಿ ಎಟ್ನಾ ಬೆಟ್ಟದ ಅಡಿ ಹಾಕಿದ. ಅವನು ಉಸಿರು ಬಿಟ್ಟರೆ ಬೆಂಕಿ. ರೋಮನ್ನರ ಬೆಂಕಿದೇವರು ವಲ್ಕನ್. ಸಿಸಿಲಿ ಹತ್ತಿರದ ವಲ್ಕಾನೋ ದ್ವೀಪದಡಿ ಅವನ ಕುಲುಮೆ. 'ವಾಲ್ಕೆನೋ' ಶಬ್ದ ಬಂದಿದ್ದೂ ಅಲ್ಲಿಂದಲೇ.

ಅಮ್ಮಮ್ಮ ಕೊಲ್ಲೂರಿಗೆ ಹೋದರು. ಕೌಮಾಸುರ ಶಿವನ ಹತ್ತಿರ ವರ ಕೇಳುವ ಹೊತ್ತಿಗೆ ಮಾತು ಕಳೆದುಕೊಂಡು ಮೂಕಾಸುರನಾದ. ದೇವಿ ಅವನನ್ನು ಕೊಂದಳು, ಆದರೆ ಅವನ ಹೆಸರು ಬಿಡಲಿಲ್ಲ, ಮೂಕಾಂಬಿಕೆಯಾದಳು.

"ನಿನ್ನ ಆ ಟೈಫನ್ನನ ಹೆಸ್ರು ಯಾರೂ ಇಟ್ಕೊಳ್ಲಿಲ್ಯಾ?"

ಇಲ್ಲ ಅಂದೆ. "ಪಾಪ," ಅಂದರು. ಬೆಟ್ಟದಡಿ ಬಿದ್ದವನ ಬಗ್ಗೆ ನಾನು ಓದಿದ ಯಾವ ಪುಸ್ತಕವೂ ಆ ಮಾತು ಹೇಳಿರಲಿಲ್ಲ.

ವಾಪಸ್ ಬರುವ ದಿನ, "ಆ ಕಲ್ ಕಾಂಬುಕೆ ನನ್ನೂ ಕರ್ಕಂಡ್ ಹೋಗ್" ಅಂದರು. ಮಳೆಗಾಲದಲ್ಲಿ ಬೋಟ್ ಇಲ್ಲ. ದೀಪಾವಳಿ ರಜೆಗೆ ಅಂದಿದ್ದೇನೆ. ಅಷ್ಟರೊಳಗೆ ಕನ್ನಡದಲ್ಲಿ ವಿವರಿಸಲು ಪ್ರಾಕ್ಟೀಸ್ ಮಾಡ್ಬೇಕು.